ಮೂವತ್ತೆಂಟು ಎಂದರೆ ಎಷ್ಟು ಜ್ವರ?

ಶಿವಮೊಗ್ಗ

ಚಿ. ಸೌ. ಪುಟ್ಟಿಗೆ,

 

ಪಾಪುವಿನ ಜ್ವರ ಇಳಿದಿದೆ, ಮತ್ತೆ ಚೆನ್ನಾಗಿ ಹಾಲು ಕುಡಿಯುತ್ತಿದ್ದಾನೆ ಎಂದು ಅಕ್ಕ ಹೇಳಿದ ಮೇಲೆ ಮನಸ್ಸು ನಿರಾಳವಾಯಿತು. ಲಸಿಕೆ ಹಾಕಿಸಿದ ರಾತ್ರಿ ಮೈ ಬಿಸಿಯಾಗುವುದು ಎಷ್ಟೋ ಮಕ್ಕಳಲ್ಲಿ ಇದ್ದದ್ದೇ. ಆದರೂ ಎರಡೂವರೆ ತಿಂಗಳ ಕೂಸು. "ಲಸಿಕೆಯ ಜ್ವರ ತಾನೆ" ಎಂದು ಸುಮ್ಮನೆ ಕೂರದೆ, ಅಷ್ಟು ಹೊತ್ತಿನಲ್ಲೂ ಜರ್ಮನಿಯ ವೈದ್ಯಕೀಯ ಸಹಾಯವಾಣಿ 116117ಕ್ಕೆ ಫೋನ್ ಮಾಡಿ ಡಾಕ್ಟರನ್ನು ಕೇಳಿದೆಯಲ್ಲ, ಬಹಳ ಒಳ್ಳೆಯದು ಮಾಡಿದೆ.

ಆ ರಾತ್ರಿ ನಮ್ಮ ಮನೆಯವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನಡೆದದ್ದು ಮಾತ್ರ ನನ್ನನ್ನು ಕಾಡುತ್ತಿದೆ. ನೀನು "ಪಾಪುಗೆ 38.2" ಎಂದಷ್ಟೇ ಹಾಕಿದ್ದೆ. ಇಲ್ಲಿ ನಸುಕಿನಲ್ಲಿ ಅದನ್ನು ನೋಡಿದ ನಿನ್ನಮ್ಮ "ತೊಂಬತ್ತೆಂಟು ದಾಟಿಲ್ಲವಲ್ಲ, ಬೆಚ್ಚಗೆ ಹೊದಿಸಿ ಮಲಗಿಸು" ಎಂದು ಬರೆದಳು. ಅಮೆರಿಕದಲ್ಲಿರುವ ನಿನ್ನಣ್ಣ ಲೆಕ್ಕ ಹಾಕಿ "ಹತ್ತಿರ ಹತ್ತಿರ ನೂರಾ ಒಂದು" ಎಂದ. ಬೆಳಗ್ಗೆ ನಾನು ಹಾಲು ತರಲು ಹೊರಟಾಗ ಗೇಟಿನ ಹತ್ತಿರ ಸಿಕ್ಕ ಭಾವ "ಮಗೂಗೆ ನೂರಾ ಎರಡಂತೆ" ಎಂದರು. ಒಂದೇ ಮಗು, ಒಂದೇ ಥರ್ಮಾಮೀಟರು, ಒಂದೇ ಸಲ ನೋಡಿದ್ದು. ಬೆಳಗಾಗುವಷ್ಟರಲ್ಲಿ ನಮ್ಮವರಲ್ಲಿ ಒಬ್ಬರ ಪಾಲಿಗೆ ಅವನಿಗೆ ಜ್ವರವೇ ಇರಲಿಲ್ಲ, ಇನ್ನೊಬ್ಬರ ಪಾಲಿಗೆ ಮೈ ಸುಡುತ್ತಿತ್ತು. ಫೋನಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳುವಷ್ಟು ಹೊತ್ತು ನಿನಗೆ ಪಾಪು ಕೊಡುವುದಿಲ್ಲ. ಅದಕ್ಕೇ ಕಾಗದ.

ಮೊದಲು ನಿನ್ನಮ್ಮನ ಪರವಾಗಿ ಒಂದು ಮಾತು. ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡ. ಅವಳ ಕಿವಿಗೆ 38 ಎಂದರೆ ಮೇ ತಿಂಗಳ ಬಿಸಿಲು. ಟಿವಿಯಲ್ಲಿ "ಕಲಬುರಗಿಯಲ್ಲಿ 42 ಡಿಗ್ರಿ" ಎಂದರೆ ಅವಳಿಗೆ ತಕ್ಷಣ ಸೆಕೆ ತಟ್ಟುತ್ತದೆ. ಅದು ಸೆಲ್ಸಿಯಸ್ ಎಂಬುದು ಅವಳಿಗೆ ಬೇಕಿಲ್ಲ, ಆದರೂ ಅದರ ಅಂದಾಜು ಮೈಗೂಡಿದೆ. ಜ್ವರಕ್ಕೆ ಬಂದರೆ ಅವಳ ಲೆಕ್ಕ ತೊಂಬತ್ತೆಂಟು, ನೂರು, ನೂರಾ ಎರಡು. ನಮ್ಮ ದೇಶವೇ ಹಾಗಿದೆ. 1956ರ ತೂಕ ಮತ್ತು ಅಳತೆಯ ಕಾಯ್ದೆ ಬಂದ ಮೇಲೆ ಸೇರು ಹೋಗಿ ಕಿಲೋ ಬಂತು, ಗಜ ಹೋಗಿ ಮೀಟರ್ ಬಂತು, ಹವಾಮಾನ ವರದಿಯೂ ಸೆಲ್ಸಿಯಸ್‌ಗೆ ಬಂತು. ಬ್ರಿಟಿಷರ ಕಾಲದ ಫ್ಯಾರನ್‌ಹೀಟ್ ಮಾತ್ರ ಮನೆಯ ಥರ್ಮಾಮೀಟರಿನಲ್ಲಿ ಉಳಿದುಕೊಂಡಿತು. ಬ್ರಿಟನ್ನಿನ ಆಸ್ಪತ್ರೆಗಳೇ ಅದನ್ನು ಬಿಟ್ಟು ಎಷ್ಟೋ ಕಾಲವಾದರೂ ನಮ್ಮ ಔಷಧಿ ಅಂಗಡಿಯಲ್ಲಿ ಥರ್ಮಾಮೀಟರ್ ಕೇಳಿದರೆ ಇವತ್ತಿಗೂ ಕೈಗೆ ಬರುವುದು ಹೆಚ್ಚಾಗಿ ಫ್ಯಾರನ್‌ಹೀಟಿನದೇ. ಮಕ್ಕಳು ಶಾಲೆಯ ಪುಸ್ತಕದಲ್ಲಿ "ದೇಹದ ಸಹಜ ತಾಪ 37 ಡಿಗ್ರಿ ಸೆಲ್ಸಿಯಸ್" ಎಂದು ಬಾಯಿಪಾಠ ಮಾಡಿ ಬಂದು, ಮನೆಯಲ್ಲಿ ಜ್ವರ ಬಂದಾಗ "ಅಮ್ಮಾ ನೂರಾ ಒಂದು" ಎನ್ನುತ್ತವೆ. ಎರಡೂ ಒಂದೇ ಮೈಯ ಮಾತು ಎಂದು ಕೂಡಿಸಿ ಹೇಳುವವರು ಕಡಿಮೆ.

ಅದನ್ನು ಕೂಡಿಸುವ ಸುಲಭದ ದಾರಿ ಒಂದಿದೆ. ನರ್ಸಿಂಗ್ ಕಲಿಯಲು ಬಂದ ಹುಡುಗಿಯರಿಗೆಲ್ಲ ನಾನು ಇದನ್ನೇ ಹೇಳಿಕೊಡುತ್ತಿದ್ದೆ. ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿಸುವ ಸೂತ್ರ ಸರಿಯೇ. ಆದರೆ ರಾತ್ರಿ ಹನ್ನೊಂದಕ್ಕೆ, ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡಾಗ ಅದು ಕೈಗೆ ಬರುವುದಿಲ್ಲ. ಹೀಗೆ ಮಾಡು. 37 ಎಂದರೆ 98.6, ಇದೊಂದನ್ನು ಗಟ್ಟಿಯಾಗಿ ನೆನಪಿಟ್ಟುಕೋ. ಸೆಲ್ಸಿಯಸ್ ಅರ್ಧ ಡಿಗ್ರಿ ಏರಿದರೆ ಫ್ಯಾರನ್‌ಹೀಟ್ 0.9 ಏರುತ್ತದೆ. ಅಂದರೆ ಪ್ರತಿ ಅರ್ಧ ಡಿಗ್ರಿಗೆ ಚುಕ್ಕಿಯ ಎಡಗಡೆಯ ಅಂಕಿ ಒಂದು ಹೆಚ್ಚುತ್ತದೆ, ಬಲಗಡೆಯದು ಒಂದು ಕಡಿಮೆಯಾಗುತ್ತದೆ. 37.5ಕ್ಕೆ 99.5. 38ಕ್ಕೆ 100.4. 38.5ಕ್ಕೆ 101.3. 39ಕ್ಕೆ 102.2. 39.5ಕ್ಕೆ 103.1. 40ಕ್ಕೆ ಸರಿಯಾಗಿ 104. ಕೆಳಗೆ ಇಳಿಯುವಾಗ ಇದೇ ತಿರುವುಮುರುವು: 36.5ಕ್ಕೆ 97.7, 36ಕ್ಕೆ 96.8. ಪೆನ್ನು ಬೇಡ, ಫೋನು ಬೇಡ. ಬೆರಳು ಮಡಚುತ್ತ ಹೇಳಿಕೊಂಡು ಹೋದರೆ ಸಾಕು. ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಪಾಪುವಿನ ಬಟ್ಟೆಯ ಕಪಾಟಿನ ಒಳಬಾಗಿಲಿಗೆ ಅಂಟಿಸು. ನಿನ್ನ ಗಂಡನಿಗೂ ಕಲಿಸು.

ಇಷ್ಟು ಹೇಳಿಯೂ ನನ್ನ ನಿಜವಾದ ಮಾತು ಬೇರೆ ಇದೆ. ಈ ಸಾಲು ನಿನಗೆ ತಿಳಿದಿರಲಿ, ಅಮ್ಮನಿಗೆ ಅರ್ಥ ಮಾಡಿಸಲು ಬೇಕಾಗುತ್ತದೆ. ಬರೆದಿಡುವಾಗ ಮಾತ್ರ ಯಾವತ್ತೂ ಪರಿವರ್ತಿಸಿ ಬರೆಯಬೇಡ. ಥರ್ಮಾಮೀಟರ್ ಏನು ತೋರಿಸಿತೋ ಅದನ್ನೇ, ಅದು ತೋರಿಸಿದ ಅಳತೆಯ ಹೆಸರಿನ ಸಮೇತ ಬರೆ.

ಯಾಕೆ ಎಂದು ಹೇಳುತ್ತೇನೆ. ಆ ರಾತ್ರಿಯ ನಿನ್ನ 38.2ನ್ನೇ ತೆಗೆದುಕೋ. ಲೆಕ್ಕ ಹಾಕಿದರೆ 100.76 ಬರುತ್ತದೆ. ನಿನ್ನಣ್ಣ ಅದನ್ನು ನೂರಾ ಒಂದು ಮಾಡಿದ. ಆ ನೂರಾ ಒಂದನ್ನು ಯಾರಾದರೂ ಮತ್ತೆ ಸೆಲ್ಸಿಯಸ್‌ಗೆ ತಿರುಗಿಸಿದರೆ 38.3. ನೂರಾ ಎರಡು ಎಂದ ಭಾವನ ಮಾತನ್ನು ತಿರುಗಿಸಿದರೆ 38.9. ಮಗುವಿನ ಮೈ ಇದ್ದಲ್ಲೇ ಇದೆ, ಅಂಕಿ ಮಾತ್ರ ಬಾಯಿಂದ ಬಾಯಿಗೆ ಏರುತ್ತ ಹೋಯಿತು. ಸಣ್ಣ ಕೂಸಿನ ವಿಷಯದಲ್ಲಿ 37.9ಕ್ಕೂ 38.0ಕ್ಕೂ ಅರ್ಥವೇ ಬೇರೆ. ಮೂರು ತಿಂಗಳು ತುಂಬದ ಮಗುವಿಗೆ 38 ಮುಟ್ಟಿತೆಂದರೆ, ಅದು ಎಷ್ಟೇ ಲವಲವಿಕೆಯಿಂದ ಇರಲಿ, ಆಗಲೇ ಡಾಕ್ಟರನ್ನು ಕೇಳಬೇಕು. ಆ ಗೆರೆಯ ಮೇಲಿದೆಯೋ ಕೆಳಗಿದೆಯೋ ಎಂಬುದು ಯಾರದೋ ಮನೆಗಣಿತದಲ್ಲಿ ತೀರ್ಮಾನವಾಗಕೂಡದು.

ಇನ್ನೊಂದು ಗಮನಿಸು. ಜೀವಂತ ಮನುಷ್ಯರ ಮೈಯ ಮಟ್ಟಿಗೆ ಈ ಎರಡು ಅಳತೆಗಳ ಅಂಕಿಗಳು ಎಲ್ಲೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಸೆಲ್ಸಿಯಸ್ ಮೂವತ್ತರ ಮೇಲಿನ ಕೆಲವು ಅಂಕಿಗಳಲ್ಲಿ, ಹೆಚ್ಚೆಂದರೆ ನಲವತ್ತೆರಡರ ಆಸುಪಾಸಿನಲ್ಲಿ ಮುಗಿಯುತ್ತದೆ. ಫ್ಯಾರನ್‌ಹೀಟ್ ಇರುವುದು ತೊಂಬತ್ತು, ನೂರರ ಸುತ್ತ. ಹಾಗಾಗಿ ಅಳತೆಯ ಹೆಸರು ಬರೆಯದಿದ್ದರೂ ತಿಳಿದವರಿಗೆ 39 ಎಂದರೆ ಯಾವುದು, 102 ಎಂದರೆ ಯಾವುದು ಎಂದು ಗೊತ್ತಾಗಿಬಿಡುತ್ತದೆ. ಎಡವಟ್ಟಾಗುವುದು "ಇಷ್ಟು ಏರಿತು", "ಇಷ್ಟು ಇಳಿಯಿತು" ಎಂದು ಬರೆದಾಗ. "ಎರಡು ಡಿಗ್ರಿ ಏರಿದೆ" ಎಂದರೆ ಯಾವ ಎರಡು ಡಿಗ್ರಿ? ಅದನ್ನು ನೋಡಿ ಯಾರಿಗೂ ಹೇಳಲಾಗದು.

ನಾನು ಕೆಲಸ ಮಾಡಿದ ಒಂದು ಕಡೆ, ಹೆಸರು ಬೇಡ, ಮಕ್ಕಳ ವಾರ್ಡಿನಲ್ಲಿ ಹಳೆಯ ಗಾಜಿನ ಥರ್ಮಾಮೀಟರುಗಳೂ ಹೊಸ ಡಿಜಿಟಲ್‌ಗಳೂ ಒಟ್ಟಿಗೆ ಬಳಕೆಯಲ್ಲಿದ್ದ ಕಾಲ ಅದು. ಗಾಜಿನವು ಫ್ಯಾರನ್‌ಹೀಟ್, ಡಿಜಿಟಲ್ ಸೆಲ್ಸಿಯಸ್. ಗಾಜಿನದನ್ನು ನೀನು ಬಳಸಿರಲಾರೆ. ಮಣಿಕಟ್ಟಿನಿಂದ ಝಾಡಿಸಿ ಪಾದರಸವನ್ನು ಕೆಳಗೆ ಇಳಿಸಬೇಕು, ಬುರುಡೆಯ ಮೇಲೆ ಕೊಳವೆ ಸಣ್ಣದಾಗಿ ಹಿಸುಕಿದಂತಿರುತ್ತದೆ, ಅಲ್ಲಿ ದಾಟಿದ ಪಾದರಸ ತಾನಾಗಿ ವಾಪಸ್ ಬರುವುದಿಲ್ಲ. ಕಂಕುಳಿಂದ ತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದರೆ ಒಂದು ಕೋನದಲ್ಲಿ ಬೆಳ್ಳಿಯ ಗೆರೆ ಅಗಲವಾಗಿ ಕಾಣುತ್ತದೆ. ಸಹಜ ತಾಪಕ್ಕೆ ಅಲ್ಲೊಂದು ಬಾಣದ ಗುರುತು, ಎರಡು ಡಿಗ್ರಿಗೆರೆಗಳ ನಡುವೆ ಸಣ್ಣ ಗೀಟುಗಳು, ಒಂದೊಂದು ಗೀಟೂ 0.2. ರಾತ್ರಿ ಪಾಳಿಯಲ್ಲಿ ಒಬ್ಬ ಹುಡುಗನ ತಾಪ, ನಾಡಿ, ಉಸಿರು ಬರೆಯುವ ಟಿ.ಪಿ.ಆರ್. ಚಾರ್ಟಿನ ಅಂಚಿನಲ್ಲಿ "ಎರಡು ಡಿಗ್ರಿ ಏರಿಕೆ, ಚಳಿ" ಎಂದು ಬರೆದಿತ್ತು. ಬೆಳಗಿನ ರೌಂಡ್ಸಿಗೆ ಬಂದ ಡಾಕ್ಟರು ಅಲ್ಲೇ ನಿಂತರು. ಫ್ಯಾರನ್‌ಹೀಟಿನ ಎರಡು ಡಿಗ್ರಿಯಾದರೆ 99 ಇದ್ದದ್ದು 101 ಆಗಿದೆ. ಸೆಲ್ಸಿಯಸ್‌ನ ಎರಡಾದರೆ 37 ಇದ್ದದ್ದು 39, ಅಂದರೆ 102.2. ಮೊದಲನೆಯದು ಕಾದು ನೋಡಬಹುದಾದ ಜ್ವರ. ಎರಡನೆಯದು ಚಳಿಯ ಜೊತೆ ಬಂದಿದೆಯೆಂದರೆ ಅವರ ಮನಸ್ಸು ಮಲೇರಿಯಾದ ಕಡೆಗೆ ಹೋಗುತ್ತದೆ, ಆಗಲೇ ರಕ್ತದ ಸ್ಲೈಡ್ ತೆಗೆಯಬೇಕು. ಬರೆದ ಸಿಸ್ಟರು ಡ್ಯೂಟಿ ಮುಗಿಸಿ ಹೋಗಿದ್ದರು. ಡಾಕ್ಟರು ಸ್ಲೈಡ್ ತೆಗೆಸಿದರು, ಮತ್ತೆ ಜ್ವರ ನೋಡಿಸಿದರು, ಹುಡುಗ ಹುಷಾರಾದ. ಒಂದು ಅಕ್ಷರ ಬರೆದಿದ್ದರೆ ಅಷ್ಟು ಹೊತ್ತು ಹಾಳಾಗುತ್ತಿರಲಿಲ್ಲ. ಅಂದಿನಿಂದ ಆ ವಾರ್ಡಿನಲ್ಲಿ "ಏರಿತು, ಇಳಿಯಿತು" ಎಂದು ಬರೆಯುವುದು ನಿಂತಿತು. ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಎರಡನ್ನೂ ಬರೆಯಬೇಕು.

ಈ ವ್ಯತ್ಯಾಸದ ಗೊಂದಲವೇ ನಮ್ಮ ಹೆಂಗಸರ ಇನ್ನೊಂದು ಮಾತಿನಲ್ಲಿ ಬಂದು ಸೇರುತ್ತದೆ. "ಕಂಕುಳಲ್ಲಿ ನೋಡಿದರೆ ಒಂದು ಡಿಗ್ರಿ ಸೇರಿಸಿಕೋ" ಎಂದು ಅಕ್ಕ ನಿನಗೆ ಹೇಳಿಯೇ ಇರುತ್ತಾಳೆ. ಕಂಕುಳಿನ ತಾಪ ಬಾಯೊಳಗಿನದಕ್ಕಿಂತ ಕಡಿಮೆ ಇರುತ್ತದೆ, ಗುದದಲ್ಲಿ ನೋಡಿದ್ದು ಬಾಯಿಗಿಂತ ಹೆಚ್ಚಿರುತ್ತದೆ, ಅದು ನಿಜ. ಆದರೆ ಅಜ್ಜಿಯರ ಆ ಒಂದು ಡಿಗ್ರಿ ಫ್ಯಾರನ್‌ಹೀಟಿನದು, ಸೆಲ್ಸಿಯಸ್‌ನಲ್ಲಿ ಅದು ಬರೀ ಅರ್ಧ ಡಿಗ್ರಿ ಚಿಲ್ಲರೆ. ಅದೇ ಮಾತನ್ನು ನೀನು ಅಲ್ಲಿನ ಥರ್ಮಾಮೀಟರಿಗೆ ಅನ್ವಯಿಸಿ 37.6ಕ್ಕೆ ಒಂದು ಸೇರಿಸಿದರೆ 38.6 ಆಗಿಬಿಡುತ್ತದೆ, ಅಂದರೆ 99.7 ಇದ್ದದ್ದನ್ನು 101.5 ಮಾಡಿದ ಹಾಗೆ. ಸೇರಿಸುವುದೇ ಬೇಡ ಪುಟ್ಟಿ. ಮಗುವಿನಿಂದ ಮಗುವಿಗೆ, ಥರ್ಮಾಮೀಟರ್ ಇಟ್ಟ ರೀತಿಯಿಂದ ಇಟ್ಟ ರೀತಿಗೆ ಆ ಅಂತರ ಬದಲಾಗುತ್ತದೆ. ಎಲ್ಲಿ ಇಟ್ಟು ನೋಡಿದೆ ಎಂದು ಬರೆ, ಉಳಿದದ್ದನ್ನು ಡಾಕ್ಟರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸಣ್ಣ ಕೂಸುಗಳಿಗೆ ಜರ್ಮನಿಯಲ್ಲಿ ಗುದದಲ್ಲೇ ನೋಡಿಸುತ್ತಾರೆ. ಮುಜುಗರ ಪಡಬೇಡ, ಸರಿಯಾದ ತಾಪ ಸಿಗುವುದು ಅಲ್ಲೇ. ತುದಿಗೆ ಸ್ವಲ್ಪ ವ್ಯಾಸಲಿನ್ ಸವರಿ, ಕಾಲೆರಡನ್ನೂ ಮೇಲೆತ್ತಿ ಹಿಡಿದು, ಬೀಪ್ ಬರುವವರೆಗೆ ಕೈ ಅಲುಗಿಸದೆ ಹಿಡಿ. ಸ್ನಾನವಾದ ತಕ್ಷಣ, ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡಿದ್ದ ತಕ್ಷಣ ನೋಡಬೇಡ, ಸ್ವಲ್ಪ ಹೊತ್ತು ಬಿಟ್ಟು ನೋಡು. ಅಂದ ಹಾಗೆ, ಜ್ವರವಿರುವ ಕೂಸಿಗೆ ಹೊದಿಕೆ ಮೇಲೆ ಹೊದಿಕೆ ಹಾಕಬಾರದು. ಅಕ್ಕನಿಗೆ ಅದನ್ನು ನಾನು ಹೇಳಿದ್ದೇನೆ.

ಔಷಧಿ ಕೊಟ್ಟ ಮೇಲೆ ನೋಡುವಾಗಲೂ ಇದೇ ಲೆಕ್ಕ ಕೈಕೊಡುತ್ತದೆ. 39.2 ಇದ್ದದ್ದು 38.4 ಆಯಿತೆಂದುಕೋ. ಸೆಲ್ಸಿಯಸ್‌ನಲ್ಲಿ ಒಂದು ಡಿಗ್ರಿಯೂ ಇಳಿದಿಲ್ಲವಲ್ಲ ಎಂದು ಎದೆ ಕುಸಿಯುತ್ತದೆ. ನಮ್ಮ ಲೆಕ್ಕದಲ್ಲಿ ಅದು 102.6 ಇದ್ದದ್ದು 101.1ಕ್ಕೆ ಬಂದಿದೆ, ಸುಮಾರು ಒಂದೂವರೆ ಡಿಗ್ರಿ ಇಳಿದಿದೆ. ಔಷಧಿ ನಾಟಿಲ್ಲ ಎಂದುಕೊಂಡು ಇನ್ನೊಂದು ಡೋಸ್ ಹಾಕುವ ತಾಯಂದಿರನ್ನು ನೋಡಿದ್ದೇನೆ. ಹಾಗೆ ಮಾಡಬೇಡ. ಪ್ಯಾರಾಸಿಟಮಾಲ್ ಎಷ್ಟು ಎಂಬುದನ್ನು ಹೇಳುವುದು ಮಗುವಿನ ತೂಕ, ಜ್ವರದ ಅಂಕಿ ಅಲ್ಲ. ಪಾಪುವಿನ ತೂಕಕ್ಕೆ ಎಷ್ಟು, ಎಷ್ಟು ಗಂಟೆಗೊಮ್ಮೆ ಎಂದು ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಬರೆಸಿಕೊಂಡು ಇಟ್ಟುಕೋ.

ಈಗ ಒಂದು ಸಂತೋಷದ ವಿಷಯ ಹೇಳುತ್ತೇನೆ. ನೀನು ಲೈಪ್‌ಜಿಗ್‌ಗೆ ಹೋಗುತ್ತೇನೆ ಎಂದಾಗ ನನಗೆ ಮೊದಲು ನೆನಪಾದದ್ದು ವುಂಡರ್‌ಲಿಶ್. ನಾವು ಇವತ್ತು ಚಾರ್ಟಿನ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆಯುತ್ತೇವಲ್ಲ, ಆ ಅಭ್ಯಾಸಕ್ಕೆ ಬುನಾದಿ ಹಾಕಿದವರು ಕಾರ್ಲ್ ವುಂಡರ್‌ಲಿಶ್. 1850ರಲ್ಲಿ ನಿನ್ನೂರಿನ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಸುಮಾರು 25,000 ರೋಗಿಗಳನ್ನು, ಒಬ್ಬೊಬ್ಬರನ್ನೂ ಮತ್ತೆ ಮತ್ತೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, 1868ರಲ್ಲಿ ಪುಸ್ತಕ ಬರೆದರು. ಆಗಿನ ಥರ್ಮಾಮೀಟರು ಹತ್ತಿರ ಹತ್ತಿರ ಒಂದು ಅಡಿ ಉದ್ದ, ತಾಪ ನಿಲ್ಲಲು ಹದಿನೈದಿಪ್ಪತ್ತು ನಿಮಿಷ ಬೇಕು. ಅದನ್ನು ಹಿಡಿದುಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋದವರ ತಾಳ್ಮೆ ಎಷ್ಟಿರಬೇಕು! ಜ್ವರ ಎನ್ನುವುದೇ ಒಂದು ಕಾಯಿಲೆ ಎಂದು ತಿಳಿದಿದ್ದ ಕಾಲದಲ್ಲಿ, ಅದು ಬೇರೆ ಬೇರೆ ಕಾಯಿಲೆಗಳ ಗುರುತು, ಒಂದೊಂದು ಕಾಯಿಲೆಯಲ್ಲೂ ಅದು ಏರಿಳಿಯುವ ರೀತಿ ಬೇರೆ ಎಂದು ತೋರಿಸಿಕೊಟ್ಟರು.

ಆರೋಗ್ಯವಂತರ ಮೈ ಸರಾಸರಿ 37 ಎಂದು ಹೇಳಿದವರೂ ಅವರೇ. 36.25ರಿಂದ 37.5ರವರೆಗೆ ಎಲ್ಲವೂ ಸಹಜ ಎಂದೂ ಬರೆದಿದ್ದರು. ಆ ಹರಹನ್ನು ಲೋಕ ಮರೆತು 37 ಒಂದನ್ನೇ ಹಿಡಿದುಕೊಂಡಿತು. 1871ರಲ್ಲಿ ಪುಸ್ತಕ ಇಂಗ್ಲಿಷಿಗೆ ಬಂತು, 37 ಎಂಬುದು 98.6 ಆಯಿತು. ಆ ಚುಕ್ಕಿ ಆರು ಯಾರೂ ಅಳೆದು ಕಂಡದ್ದಲ್ಲ, ದುಂಡಗಿನ ಒಂದು ಅಂಕಿಯನ್ನು ಗುಣಿಸಿ ಕೂಡಿಸಿದಾಗ ಉಳಿದದ್ದು. ನೋಡಿದರೆ ಎಷ್ಟು ಕರಾರುವಾಕ್ಕು ಅನ್ನಿಸುತ್ತದೆ! 98.8 ಬಂತು, ಎರಡು ಪಾಯಿಂಟ್ ಜ್ವರ ಎಂದು ಹೆದರಿ ಬರುವವರನ್ನು ಓಪಿಡಿಯಲ್ಲಿ ಎಷ್ಟು ಮಂದಿಯನ್ನು ಸಮಾಧಾನ ಮಾಡಿ ಕಳಿಸಿದ್ದೇನೋ. 100.4 ಕೂಡ ಹಾಗೆಯೇ ಹುಟ್ಟಿದ್ದು, ಅದರ ಮೂಲ 38. ತಿರುವುಮುರುವಾಗಿ ಹುಟ್ಟಿದ್ದೂ ಉಂಟು. ಕಾರಣ ತಿಳಿಯದ ದೀರ್ಘ ಜ್ವರಕ್ಕೆ 1961ರಲ್ಲಿ ಅಮೆರಿಕದ ವೈದ್ಯರಿಬ್ಬರು ಹಾಕಿದ ಗೆರೆ 101 ಫ್ಯಾರನ್‌ಹೀಟ್. ಅದು ಸೆಲ್ಸಿಯಸ್ ಪುಸ್ತಕಗಳಲ್ಲಿ 38.3 ಆಗಿ ಕೂತಿದೆ. ಎಲ್ಲಿ ಅಂಕಿ ದುಂಡಗಿದೆಯೋ ಅದೇ ಅದರ ತವರು ಎಂದು ತಿಳಿ. ಮೈ ಮಾತ್ರ ಯಾವ ದುಂಡು ಅಂಕಿಗೂ ಕಟ್ಟುಬಿದ್ದಿಲ್ಲ. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 148 ಆರೋಗ್ಯವಂತರ ಬಾಯಿಯ ತಾಪ ನೋಡಿದಾಗ ಸರಾಸರಿ ಬಂದದ್ದು 98.2, ಅಂದರೆ 36.8. ಬೆಳಗಿನ ಆರರ ಹೊತ್ತಿಗೆ ಎಲ್ಲಕ್ಕಿಂತ ಕಡಿಮೆ, ಸಂಜೆ ನಾಲ್ಕರಿಂದ ಆರರೊಳಗೆ ಎಲ್ಲಕ್ಕಿಂತ ಹೆಚ್ಚು.

ಫ್ಯಾರನ್‌ಹೀಟ್ ಎಂಬುವನೂ ನಿನಗೆ ತೀರ ದೂರದವನಲ್ಲ. 1686ರಲ್ಲಿ ಡಾನ್‌ಜಿಗ್‌ನಲ್ಲಿ ಹುಟ್ಟಿದ, ಈಗ ಅದು ಪೋಲೆಂಡಿನಲ್ಲಿದೆ. ಮಂಜುಗಡ್ಡೆ, ನೀರು, ನವಸಾಗರ ಬೆರೆಸಿದ ಮಿಶ್ರಣದ ಚಳಿಗೆ ಸೊನ್ನೆ, ಕರಗುವ ಮಂಜಿಗೆ 32, ಆರೋಗ್ಯವಂತ ಮನುಷ್ಯನ ಮೈಗೆ 96 ಎಂದು 1724ರಲ್ಲಿ ಬರೆದ. 32ರಿಂದ 96ಕ್ಕೆ 64 ಮನೆ. ಅರ್ಧ, ಅರ್ಧದ ಅರ್ಧ ಎಂದು ಆರು ಸಲ ಪಾಲು ಮಾಡಿದರೆ ಒಂದೊಂದು ಡಿಗ್ರಿ ಸಿಗುತ್ತದೆ. ಕೈಯಲ್ಲಿ ಗೀಟು ಹಾಕುವ ಕುಶಲಕರ್ಮಿಗೆ ಬಹಳ ಅನುಕೂಲ. ಅಂದರೆ ಮನುಷ್ಯನ ಮೈಯನ್ನೇ ಒಂದು ಗುರುತಾಗಿ ಇಟ್ಟುಕೊಂಡು ಮಾಡಿದ ಅಳತೆ ಅದು. ಆಮೇಲೆ ನೀರು ಕುದಿಯುವುದಕ್ಕೆ 212 ಎಂದು ಗಟ್ಟಿ ಮಾಡಿದಾಗ ಗೀಟುಗಳು ಸ್ವಲ್ಪ ಸರಿದು ಮೈಯ ಅಂಕಿ ತೊಂಬತ್ತೆಂಟರ ಹತ್ತಿರ ಬಂತು. ಸ್ವೀಡನ್ನಿನ ಉಪ್ಸಾಲದ ಆಂಡರ್ಸ್ ಸೆಲ್ಸಿಯಸ್ ನಕ್ಷತ್ರ ನೋಡುವವನು, ಖಗೋಳದ ಪ್ರಾಧ್ಯಾಪಕ. 1742ರಲ್ಲಿ ಅವನು ಹೇಳಿದ ಅಳತೆಯಲ್ಲಿ ನೀರು ಕುದಿಯುವುದು ಸೊನ್ನೆಗೆ, ಹೆಪ್ಪುಗಟ್ಟುವುದು ನೂರಕ್ಕೆ. ಅವನು ತೀರಿಕೊಂಡ ಮೇಲೆ ಅದನ್ನು ತಲೆಕೆಳಗು ಮಾಡಿ ನಾವು ಈಗ ಬಳಸುವ ರೀತಿಗೆ ತಂದರು. 1744ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ, ಅವನು ತೀರಿಕೊಂಡದ್ದು ಕ್ಷಯದಿಂದ. ಸಂಜೆಯಾದರೆ ಮೈ ಬಿಸಿಯಾಗುವ ಕಾಯಿಲೆ ಅದು. ಟಿಬಿ ವಾರ್ಡಿನಲ್ಲಿ ಸಂಜೆಯ ತಾಪ ಬರೆಯುವಾಗಲೆಲ್ಲ ನನಗೆ ಅವನ ನೆನಪಾಗುತ್ತಿತ್ತು.

ಇಷ್ಟೆಲ್ಲ ಬರೆದದ್ದು ನಿನಗೆ ಬೇಜಾರಾಗದಿರಲಿ. ಯಾವ ಅಳತೆ ಮೇಲು ಎಂದು ವಾದ ಮಾಡುವವರು ಬೇಕಾದಷ್ಟು ಜನ. ನನಗೆ ಎರಡರ ಮೇಲೂ ಗೌರವವಿದೆ. ಫ್ಯಾರನ್‌ಹೀಟಿನ ಮನೆಗಳು ಸಣ್ಣವು, ಚುಕ್ಕಿ ಇಲ್ಲದೆಯೂ ಜ್ವರ ಹೇಳಬಹುದು. ಸೆಲ್ಸಿಯಸ್‌ನಲ್ಲಿ ಚುಕ್ಕಿಯ ನಂತರದ ಅಂಕಿ ಬಿಟ್ಟರೆ ಕೆಟ್ಟೆವು, 38 ಎಂದು ಬರೆದದ್ದು 38.0 ಇರಬಹುದು, 38.9 ಇರಬಹುದು, ನಡುವೆ ಒಂದೂವರೆ ಡಿಗ್ರಿ ಫ್ಯಾರನ್‌ಹೀಟಿಗಿಂತ ಹೆಚ್ಚು ಅಂತರ. ಸೊನ್ನೆ ಇದ್ದರೂ ಬರೆ. ನೀನಿರುವ ದೇಶದ ಡಾಕ್ಟರು, ಸೂಲಗಿತ್ತಿ, ಫಾರ್ಮಸಿಯವರು ಎಲ್ಲರೂ ಸೆಲ್ಸಿಯಸ್‌ನಲ್ಲೇ ಮಾತಾಡುವಾಗ ನಿನ್ನ ಮನೆಯಲ್ಲೂ ಅದೇ ಇರಬೇಕು, ಅಷ್ಟೇ. ಬಾಣಂತನದ ಸಾಮಾನಿನ ಜೊತೆ ಅಕ್ಕ ಕಳಿಸಿದ ಥರ್ಮಾಮೀಟರನ್ನು ತೆಗೆದು ಸೂಟ್‌ಕೇಸಿಗೆ ಹಾಕಿಡು, ಊರಿಗೆ ಬರುವಾಗ ತಾ. ಮನೆಯಲ್ಲಿ ಎರಡು ಅಳತೆಯ ಎರಡು ಥರ್ಮಾಮೀಟರ್ ಇರುವುದು ಒಳ್ಳೆಯದಲ್ಲ. ಕೆಲವು ಡಿಜಿಟಲ್‌ಗಳಲ್ಲಿ ಗುಂಡಿ ಒತ್ತಿ ಹಿಡಿದರೆ ಅಳತೆ ಬದಲಾಗುತ್ತದೆ. ಮಗು ಅದನ್ನು ಹಿಡಿದು ಆಡುವ ವಯಸ್ಸು ಬರುತ್ತದೆ, ಆಗ ಜೋಪಾನ. ಪರದೆಯ ಬಲಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರ ಇರುತ್ತದೆ, ಸಿ ಅಥವಾ ಎಫ್. ಅಂಕಿ ನೋಡುವ ಮುಂಚೆ ಅದನ್ನು ನೋಡು. ಗುಂಡಿ ಒತ್ತಿದ ಕೂಡಲೇ ಬರುವ ಅಂಕಿ ಹೋದ ಸಲದ್ದಾಗಿರಬಹುದು, ಅದನ್ನೇ ಈಗಿನದು ಎಂದು ಬರೆದುಬಿಡಬೇಡ.

ಹೆಚ್ಚಾದರೆ ಮಾತ್ರ ಅಪಾಯ ಎಂದುಕೊಳ್ಳಬೇಡ. ಕೂಸಿನ ಮೈ 36.5ಕ್ಕಿಂತ ಕೆಳಗಿಳಿದರೆ ಎದೆಗೆ ಅವಚಿಕೊಂಡು ಚರ್ಮಕ್ಕೆ ಚರ್ಮ ತಾಗುವಂತೆ ಹಿಡಿದು, ಮೇಲಿಂದ ಹೊದೆದು, ಮತ್ತೆ ನೋಡು. ಏರದಿದ್ದರೆ ಅದೂ ಡಾಕ್ಟರಿಗೆ ಹೇಳಬೇಕಾದ ವಿಷಯ. ಥರ್ಮಾಮೀಟರ್ ಏನೇ ತೋರಿಸಲಿ, ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾದರೆ, ಉಸಿರಿಗೆ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಫಿಟ್ಸ್ ಬಂದರೆ, ಒತ್ತಿದರೂ ಮಾಸದ ನೇರಳೆ ಚುಕ್ಕಿ ಕಂಡರೆ ಗ್ರೂಪಿನಲ್ಲಿ ನಮ್ಮನ್ನು ಕೇಳುತ್ತ ಕೂರಬೇಡ. 112 ಒತ್ತು. ನಮಗೆ ಆಮೇಲೆ ಹೇಳಿದರಾಯಿತು.

ನಾಲ್ಕನೇ ತಿಂಗಳಿಗೆ ಮುಂದಿನ ಲಸಿಕೆ ಇದೆಯಲ್ಲ, ಅಷ್ಟರೊಳಗೆ ಒಂದು ಸಣ್ಣ ನೋಟ್‌ಬುಕ್ ತೆಗೆದುಕೋ. ಮಗು ಹುಷಾರಾಗಿರುವಾಗಲೇ ಒಂದೆರಡು ದಿನ ಬೆಳಗ್ಗೆ, ಸಂಜೆ ನೋಡಿ ಬರೆ, ನಿನ್ನ ಮಗುವಿನ ಸಹಜ ತಾಪ ಯಾವುದೆಂದು ನಿನಗೇ ಗೊತ್ತಿರುತ್ತದೆ. ಲಸಿಕೆಯ ದಿನ ಪ್ರತಿ ಸಲವೂ ಹೀಗೆ ಬರೆ: ತಾರೀಖು, ಅಲ್ಲಿನ ಗಡಿಯಾರದ ಸಮಯ, ಎಲ್ಲಿ ಇಟ್ಟು ನೋಡಿದ್ದು, ಚುಕ್ಕಿಯ ಸಮೇತ ಪೂರ್ತಿ ಅಂಕಿ, ಪಕ್ಕದಲ್ಲಿ ಸಿ. ಔಷಧಿ ಕೊಟ್ಟಿದ್ದರೆ ಯಾವಾಗ, ಎಷ್ಟು. ಹಾಲು ಕುಡಿದನೋ ಇಲ್ಲವೋ. ಗ್ರೂಪಿಗೆ ಹಾಕುವುದಾದರೆ ಆ ಪುಟದ ಫೋಟೋ ಹಾಕು, ಬರೀ ಒಂದು ಅಂಕಿ ಹಾಕಬೇಡ. 37 ಎಂದರೆ 98.6 ಎಂಬಲ್ಲಿಂದ ಶುರುವಾಗುವ ಸಾಲನ್ನು ಅಕ್ಕನಿಗೂ ಭಾವನಿಗೂ ನಾನು ಕೂರಿಸಿಕೊಂಡು ಕಲಿಸುತ್ತೇನೆ. ನೀನು ಅಲ್ಲಿಂದ ಸೆಲ್ಸಿಯಸ್‌ನಲ್ಲೇ ಬರೆ. ಇಲ್ಲಿ ಅರ್ಥ ಮಾಡಿಕೊಳ್ಳುವ ಕೆಲಸ ನಮ್ಮದು.

ಪಾಪುವಿಗೆ ಮುತ್ತು. ಅಳಿಯಂದಿರಿಗೆ ಆಶೀರ್ವಾದ.

ಇತಿ,
ನಿನ್ನ ಚಿಕ್ಕಮ್ಮ